ಪಾಲು ಕೊಟ್ಟರೆ ಶತ್ರುವೂ ನಮ್ಮವನೇ: ‘ಕೆಲ್ಲೀಸ್ ಹೀರೋಸ್’ (1970)

ಯುದ್ಧದ ಸಿನಿಮಾಕ್ಕೆ ದರೋಡೆ ಬೆರೆಸಿ, ಅದರ ಮೇಲೆ ನಗೆಯನ್ನೂ ಹೇರಿದರೆ ಸಾಮಾನ್ಯವಾಗಿ ಮೂರೂ ಕೆಡುತ್ತವೆ. ಗುಂಡಿನ ಸದ್ದಿಗೆ ನಗು ಉಡುಗುತ್ತದೆ, ನಗೆಯ ಭರದಲ್ಲಿ ಸಾವು ಅಗ್ಗವಾಗುತ್ತದೆ, ಇವೆರಡರ ಜಗಳದಲ್ಲಿ ಕಳ್ಳತನದ ಯೋಜನೆ ಏನಿತ್ತು ಎಂಬುದೇ ಮರೆತುಹೋಗುತ್ತದೆ. 1970ರಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ ಹೊರತಂದ ‘ಕೆಲ್ಲೀಸ್ ಹೀರೋಸ್’ ಈ ಮೂರನ್ನೂ ಹೊತ್ತು 144 ನಿಮಿಷ ಓಡುತ್ತದೆ. ಒಂದೆರಡು ಕಡೆ ಎಡವಿದರೂ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ, ಎಲ್ಲಿ ಎಡವುತ್ತದೆ, ಈಗ ಡಿಸ್ಕ್ ಕೊಂಡು ನೋಡುವವರು ಏನನ್ನು ಗಮನಿಸಬೇಕು ಎಂಬುದಷ್ಟೇ ಈ ಬರಹ. ಕ್ಲೈಮ್ಯಾಕ್ಸ್ ಸೇರಿ ಎಲ್ಲವೂ ಇಲ್ಲಿ ಬಯಲಾಗುತ್ತದೆ. ಕಥೆ ಗೊತ್ತಾಗಬಾರದು ಅನ್ನುವವರು ಸಿನಿಮಾ ನೋಡಿ ಬಂದು ಓದುವುದು ವಾಸಿ.

ಕಥೆ 1944ರದು, ಫ್ರಾನ್ಸ್‌ನ ನ್ಯಾನ್ಸಿ ಪಟ್ಟಣದ ಸುತ್ತಮುತ್ತ. ಕೆಲ್ಲಿ (ಕ್ಲಿಂಟ್ ಈಸ್ಟ್‌ವುಡ್) ಹಿಂದೆ ಲೆಫ್ಟಿನೆಂಟ್ ಆಗಿದ್ದವನು. ಮೇಲಿನಿಂದ ಬಂದ ತಪ್ಪು ಆದೇಶಕ್ಕೆ ಇವನ ತಲೆ ಕೊಟ್ಟು, ಸಾಮಾನ್ಯ ಸಿಪಾಯಿಯ ದರ್ಜೆಗೆ ತಳ್ಳಿದ್ದಾರೆ. ಸೆರೆ ಸಿಕ್ಕ ಜರ್ಮನ್ ಕರ್ನಲ್ ಒಬ್ಬನ ಬ್ಯಾಗಿನಲ್ಲಿ ಸೀಸ ಬಳಿದ ಲೋಹದ ಗಟ್ಟಿ ಕಾಣುತ್ತದೆ; ಕೆರೆದು ನೋಡಿದರೆ ಒಳಗೆ ಚಿನ್ನ. ಕರ್ನಲ್‌ಗೆ ಗಂಟಲುಮಟ್ಟ ಕುಡಿಸಿದ ಮೇಲೆ ಉಳಿದ ವಿವರವೂ ಹೊರಬರುತ್ತದೆ: ಕ್ಲೇರ್‌ಮಾಂಟ್ ಎಂಬ ಊರಿನ ಬ್ಯಾಂಕಿನಲ್ಲಿ ಇಂಥ 14,000 ಗಟ್ಟಿಗಳಿವೆ, ಬೆಲೆ 1 ಕೋಟಿ 60 ಲಕ್ಷ ಡಾಲರ್. ಊರು ಶತ್ರುವಿನ ಗಡಿಯೊಳಗೆ 30 ಮೈಲಿ ದೂರ. ಅದೇ ಹೊತ್ತಿಗೆ ಪ್ಲಟೂನಿಗೆ ಮೂರು ದಿನದ ವಿಶ್ರಾಂತಿ ಸಿಗುತ್ತದೆ. ಕ್ಯಾಪ್ಟನ್ ಸಾಹೇಬರು ಜನರಲ್‌ಗೆ ಸಂಬಂಧಿ. ಎಲ್ಲಿಂದಲೋ ಗಿಟ್ಟಿಸಿದ ವಿಹಾರದೋಣಿಯನ್ನು ಸಾಗಿಸುವ ತರಾತುರಿಯಲ್ಲಿ ಅವರು ಜಾಗ ಖಾಲಿ ಮಾಡುತ್ತಾರೆ, ಹೋಗುವ ಮುಂಚೆ ಲೂಟಿ ಮಾಡಿದವರಿಗೆ ಮರಣದಂಡನೆ ಎಂದು ಹುಡುಗರಿಗೆ ನೆನಪಿಸಿ.

ಈ ಚಿತ್ರದ ಎಂಜಿನ್ ಪಾಲು. ಸಾಮಾನ್ಯ ಯುದ್ಧಚಿತ್ರದಲ್ಲಿ ಅಡ್ಡಿ ಬಂದಾಗ ಯಾರೋ ಒಬ್ಬ ಧೈರ್ಯ ತೋರಿಸುತ್ತಾನೆ. ಸಾಮಾನ್ಯ ದರೋಡೆ ಚಿತ್ರದಲ್ಲಿ ಯಾರೋ ಒಬ್ಬ ಜಾಣತನ ತೋರಿಸುತ್ತಾನೆ. ಇಲ್ಲಿ ಅಡ್ಡಿ ಬಂದಾಗಲೆಲ್ಲ ಕೆಲ್ಲಿ ಇನ್ನೊಬ್ಬ ಪಾಲುದಾರನನ್ನು ಸೇರಿಸಿಕೊಳ್ಳುತ್ತಾನೆ. ಬಂದೂಕು, ಮದ್ದುಗುಂಡು, ಗಾಡಿ ಬೇಕು: ಸ್ಟೋರಿನ ಸಾರ್ಜೆಂಟ್ ಕ್ರ್ಯಾಪ್‌ಗೇಮ್ (ಡಾನ್ ರಿಕಲ್ಸ್) ಬರುತ್ತಾನೆ. ಅವನ ಗೋದಾಮಿನ ಮೂಲೆಯಲ್ಲಿ ಬಿದ್ದುಕೊಂಡಿದ್ದವನೊಬ್ಬ ಮಾತು ಕೇಳಿಸಿಕೊಂಡು ಎದ್ದು ನಿಲ್ಲುತ್ತಾನೆ, ಟ್ಯಾಂಕ್ ಬೇಕಾಗಬಹುದಲ್ಲ ಎನ್ನುತ್ತಾನೆ. ಅವನು ಆಡ್‌ಬಾಲ್ (ಡೊನಾಲ್ಡ್ ಸದರ್‌ಲ್ಯಾಂಡ್), ಮೂರು ಷರ್ಮನ್ ಟ್ಯಾಂಕುಗಳ ಮಾಲೀಕನಂತೆ ಓಡಾಡುವವನು. ಗಡಿ ದಾಟುವಾಗ ಜರ್ಮನ್ನರ ಗಮನ ಬೇರೆಡೆ ಸೆಳೆಯಲು ಮಾರ್ಟರ್ ದಾಳಿ ಬೇಕು: ಸಾರ್ಜೆಂಟ್ ಮಲಿಗನ್ ಒಳಗೆ. ಸೇತುವೆ ಬೇಕು: ಬೆಲ್ಲಮಿ ಒಳಗೆ. ಕೊನೆಗೆ ಬ್ಯಾಂಕಿನ ಬಾಗಿಲು ಒಡೆಯಬೇಕು, ಬಾಗಿಲಿನ ಮುಂದೆ ಜರ್ಮನ್ ಟೈಗರ್ ಟ್ಯಾಂಕ್ ನಿಂತಿದೆ, ಇವರ ಕೈಯಲ್ಲಿ ಏನೂ ಉಳಿದಿಲ್ಲ. ಆಗ ಆ ಟೈಗರ್‌ನ ಕಮಾಂಡರ್ ಕೂಡ ಪಾಲುದಾರನೇ ಆಗುತ್ತಾನೆ!

ಈ ಸರಪಳಿಯನ್ನು ಗಮನಿಸುತ್ತ ನೋಡಿದರೆ ಚಿತ್ರಕಥೆ ಎಷ್ಟು ಬಿಗಿಯಾಗಿದೆ ಎಂಬುದು ಕಾಣುತ್ತದೆ. ಬರೆದವರು ಟ್ರಾಯ್ ಕೆನಡಿ ಮಾರ್ಟಿನ್, ಅದಕ್ಕೆ ಒಂದು ವರ್ಷ ಮುಂಚೆ ‘ದಿ ಇಟಾಲಿಯನ್ ಜಾಬ್’ ಬರೆದವರು. ಸೇನೆಯನ್ನು ಅವರು ಸರ್ಕಾರಿ ಕಚೇರಿಯ ಹಾಗೆ ನೋಡುತ್ತಾರೆ. ಸಾಮಾನೆಲ್ಲ ಇದೆ, ಆದರೆ ಕೇಳಿದವರಿಗೆ ಸಿಗುವುದಿಲ್ಲ. ಪರಿಚಯ ಮತ್ತು ಕಮಿಷನ್ ಇದ್ದವರಿಗೆ ಫೋನಿನಲ್ಲೇ ಸಿಗುತ್ತದೆ. ಆಡ್‌ಬಾಲ್ ಮೂರು ಟ್ಯಾಂಕುಗಳನ್ನು ಇಟ್ಟುಕೊಂಡು ಯುದ್ಧವಿಲ್ಲದೆ ಕೂತಿರುವುದಕ್ಕೆ ಕಾರಣವೂ ಕಡತದ್ದೇ: ಅವರ ಕಮಾಂಡರ್ ಜರ್ಮನ್ ಫಿರಂಗಿಗೆ ಬಲಿಯಾಗಿ ಎಷ್ಟೋ ದಿನವಾಗಿದೆ, ಆ ಸುದ್ದಿಯನ್ನು ಯಾರೂ ಮೇಲಕ್ಕೆ ಕಳಿಸಿಲ್ಲ. ಕಾಗದದ ಮೇಲೆ ಆತ ಬದುಕಿರುವವರೆಗೂ ಇವರಿಗೆ ಹೊಸ ಅಧಿಕಾರಿ ಬರುವುದಿಲ್ಲ, ಆದೇಶವೂ ಬರುವುದಿಲ್ಲ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ನಗೆ ವಿವರಿಸಬೇಕಿಲ್ಲ.

ಸೇತುವೆಯ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟ್ಯಾಂಕುಗಳು ಬಂದು ಸೇರುವ ಹೊತ್ತಿಗೆ, ದಾಟಬೇಕಾಗಿದ್ದ ಸೇತುವೆಯನ್ನು ಮಿತ್ರಪಡೆಯ ವಿಮಾನಗಳೇ ಉಡಾಯಿಸುತ್ತವೆ. ಮೆಕ್ಯಾನಿಕ್ ಮೊರಿಯಾರ್ಟಿ (ಗ್ಯಾವಿನ್ ಮೆಕ್ಲಿಯೋಡ್) ಅಪಶಕುನ ನುಡಿದದ್ದೇ ಇದಕ್ಕೆಲ್ಲ ಕಾರಣ ಎಂದು ಆಡ್‌ಬಾಲ್ ರೇಗುತ್ತಾನೆ. ಆಮೇಲೆ ಫೋನು ಹಿಡಿದು ಎಂಜಿನಿಯರ್ ಪಡೆಯ ಬೆಲ್ಲಮಿಗೆ 60 ಅಡಿ ಸೇತುವೆ ಬೇಕು ಎನ್ನುತ್ತಾನೆ, ಅಂಗಡಿಗೆ ಫೋನು ಮಾಡಿ ಅಕ್ಕಿಮೂಟೆ ಹೇಳಿದಷ್ಟು ಸಲೀಸಾಗಿ. ಆ ಕಾಲದ ಬೇಲಿ (Bailey) ಸೇತುವೆಯ, ಅಂದರೆ ಉಕ್ಕಿನ ಪ್ಯಾನೆಲ್‌ಗಳನ್ನು ಸ್ಥಳದಲ್ಲೇ ಜೋಡಿಸಿ ಕಟ್ಟುವ ಸೇನೆಯ ಸೇತುವೆಯ, ಲೆಕ್ಕ ಹಾಕಿದರೆ ಇದು ಬರೀ ತಮಾಷೆಯಲ್ಲ. ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕಿಲೋ, ಎತ್ತಲು ಆರು ಜನ ಬೇಕು. 60 ಅಡಿಗೆ ಒಂದೊಂದು ಪಕ್ಕಕ್ಕೆ ಆರು ಪ್ಯಾನೆಲ್. ಟ್ಯಾಂಕ್ ದಾಟಬೇಕೆಂದು ಎರಡು ಸಾಲು ಹಾಕಿದರೆ ಒಟ್ಟು 24. ಅಡ್ಡತೊಲೆ, ಹಲಗೆ, ಪಿನ್ನು ಬೇರೆ. ಇಬ್ಬರು ಮೂವರಿಂದ ಆಗುವ ಕೆಲಸವಲ್ಲ, ಹಾಗಾಗಿ ಬೆಲ್ಲಮಿ ಒಂದು ಜಾತ್ರೆಯನ್ನೇ ಕರೆದುಕೊಂಡು ಬರುವುದು ತಾಂತ್ರಿಕವಾಗಿಯೂ ಸರಿ. ಗುಟ್ಟು ತಿಳಿದವರ ಸಂಖ್ಯೆ ಬೆಳೆದಷ್ಟೂ ದರೋಡೆ ಕೆಡುತ್ತದೆ ಎಂಬುದು ಈ ಬಗೆಯ ಸಿನಿಮಾಗಳ ನಿಯಮ. ಇಲ್ಲಿ ಬೆಳೆದ ಸಂಖ್ಯೆಯೇ ದರೋಡೆಯನ್ನು ಗೆಲ್ಲಿಸುತ್ತದೆ, ಯುದ್ಧದ ರಂಗವನ್ನೂ ಮುಂದಕ್ಕೆ ತಳ್ಳುತ್ತದೆ.

ಅದರ ಫಲ ಜನರಲ್ ಕೋಲ್ಟ್ (ಕ್ಯಾರಲ್ ಓಕಾನರ್). ಇವರೆಲ್ಲ ರೇಡಿಯೋದಲ್ಲಿ ಸೇತುವೆ, ಟ್ಯಾಂಕು, ದಾಳಿ ಎಂದು ಮಾತಾಡುವುದನ್ನು ಕದ್ದು ಕೇಳಿದ ಜನರಲ್‌ಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತನ್ನ ಹುಡುಗರು ಯಾರ ಅಪ್ಪಣೆಗೂ ಕಾಯದೆ ಶತ್ರುವಿನ ಸಾಲು ಸೀಳಿಕೊಂಡು ಹೋಗುತ್ತಿದ್ದಾರೆ ಎಂದು ನಂಬಿ, ಪದಕಗಳನ್ನು ಹಿಡಿದು ಹೊರಡುತ್ತಾನೆ. ಆತ ನಂಬಿದ್ದು ಸುಳ್ಳೂ ಅಲ್ಲ. ಹುಡುಗರು ನಿಜಕ್ಕೂ ಸಾಲು ಸೀಳಿದ್ದಾರೆ, ಉದ್ದೇಶ ಮಾತ್ರ ಬೇರೆ. ಓಕಾನರ್ ಪಾತ್ರವನ್ನು ಎತ್ತರದ ದನಿಯಲ್ಲೇ ಹಿಡಿದು ನಿಲ್ಲಿಸುತ್ತಾರೆ, ಎರಡನೇ ಸಲ ನೋಡುವಾಗ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ.

ಟ್ಯಾಂಕುಗಳ ವಿಷಯಕ್ಕೆ ಬಂದರೆ, ಯುದ್ಧಸಾಮಗ್ರಿಯ ಆಸಕ್ತರಿಗೆ ಈ ಚಿತ್ರ ಹಬ್ಬ. ಚಿತ್ರೀಕರಣ 1969ರಲ್ಲಿ ಯುಗೊಸ್ಲಾವಿಯಾದಲ್ಲಿ ನಡೆಯಿತು. ಕ್ಲೇರ್‌ಮಾಂಟ್ ಆಗಿ ಕಾಣುವುದು ಇಂದಿನ ಕ್ರೊಯೇಷಿಯಾದ ಇಸ್ಟ್ರಿಯಾ ಪ್ರಾಂತ್ಯದ ವಿಝಿನಾಡಾ ಎಂಬ ಸಣ್ಣ ಊರು. ಆ ದೇಶವನ್ನು ಆರಿಸಿದ್ದರಲ್ಲಿ ಅರ್ಥವಿತ್ತು: 1950ರ ದಶಕದಲ್ಲಿ ಅಮೆರಿಕ ನೆರವಾಗಿ ಕೊಟ್ಟ ಷರ್ಮನ್‌ಗಳು ಅಲ್ಲಿನ ಸೇನೆಯ ಬಳಿ ಇನ್ನೂ ಓಡುವ ಸ್ಥಿತಿಯಲ್ಲಿದ್ದವು. ಅವು ಎಂ4ಎ3ಇ4 ಮಾದರಿ, ಅಂದರೆ ಹಳೆಯ ಸಣ್ಣ ಟರೆಟ್‌ಗೆ (ಟ್ಯಾಂಕಿನ ಮೇಲೆ ತಿರುಗುವ, ಫಿರಂಗಿ ಹೊತ್ತ ಭಾಗ) 76 ಮಿಲಿಮೀಟರ್ ಫಿರಂಗಿ ಕೂರಿಸಿ ಯುದ್ಧ ಮುಗಿದ ಮೇಲೆ ಮಾರ್ಪಡಿಸಿದವು. 1944ರ ಫ್ರಾನ್ಸ್‌ನಲ್ಲಿ ಈ ಮಾದರಿ ಇರಲಿಲ್ಲ. ಹಟಮಾರಿಗಳು ಇದನ್ನು ತಪ್ಪೆಂದು ಎಣಿಸುತ್ತಾರೆ. ಆದರೆ ಆ ಕಾಲದ ಎಷ್ಟೋ ಯುದ್ಧಚಿತ್ರಗಳಲ್ಲಿ 1950ರ ದಶಕದ ಅಮೆರಿಕನ್ ಟ್ಯಾಂಕಿಗೇ ಜರ್ಮನ್ ಶಿಲುಬೆ ಬಳಿದು ಕೆಲಸ ಮುಗಿಸಿದ್ದನ್ನು ನೆನೆದರೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಟೈಗರ್‌ಗಳು ಸೋವಿಯೆತ್ ಟಿ-34ಗಳು, ಮೇಲೆ ತಗಡಿನ ವೇಷ. ವೇಷ ಹಾಕಿದವರು ಜಾಣರು. ಟರೆಟ್ಟಿನ ಆಕಾರ, ನಳಿಕೆಯ ತುದಿ, ಬಣ್ಣ ಎಲ್ಲ ಒಪ್ಪುವಂತಿವೆ. ಗುಟ್ಟು ಬಿಚ್ಚುವುದು ಎರಡು ಕಡೆ. ಮೊದಲನೆಯದು ಚಕ್ರ: ನಿಜವಾದ ಟೈಗರ್‌ನಲ್ಲಿ ಚಕ್ರಗಳು ಒಂದರ ಮೇಲೊಂದು ಹೆಣೆದುಕೊಂಡ ತಟ್ಟೆಗಳ ಹಾಗೆ ಇರುತ್ತವೆ, ಇಲ್ಲಿ ಪಕ್ಕಕ್ಕೆ ಐದು ದೊಡ್ಡ ಚಕ್ರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎರಡನೆಯದು ಟರೆಟ್ಟಿನ ಜಾಗ: ಟಿ-34ರಲ್ಲಿ ಅದು ಮುಂದಕ್ಕೆ ಕೂತಿದೆ, ಟೈಗರ್‌ನಲ್ಲಿ ಬಹುತೇಕ ನಡುವೆ. ಕೊನೆಯ ಭಾಗದಲ್ಲಿ ಟೈಗರ್ ಪಕ್ಕದಿಂದ ಕಂಡಾಗ ಚಿತ್ರ ನಿಲ್ಲಿಸಿ ನೋಡಿದರೆ ಎರಡೂ ಸ್ಪಷ್ಟ.

ಕ್ಲೇರ್‌ಮಾಂಟ್ ದಾಳಿ ಈ ಸಿನಿಮಾದ ಅತ್ಯುತ್ತಮ ಭಾಗ. ಅದರ ಸೊಗಸು ಅರ್ಥವಾಗಲು ಆಡ್‌ಬಾಲ್‌ನ ಟ್ಯಾಂಕಿಗೆ ಏನೇನು ಮಾಡಲಾಗಿದೆ ಎಂಬುದು ತಲೆಯಲ್ಲಿರಬೇಕು. ಎಂಜಿನ್ ಕೆದಕಿ ವೇಗ ಹೆಚ್ಚಿಸಿದ್ದಾರೆ. ಮುಂದಕ್ಕೆ ಹೋದಷ್ಟೇ ಜೋರಾಗಿ ಹಿಂದಕ್ಕೂ ಹೋಗುತ್ತದೆ, ಯಾಕೆಂದರೆ ತಾಪತ್ರಯ ಬಂದರೆ ಬಂದಷ್ಟೇ ಬೇಗ ಪರಾರಿಯಾಗಬೇಕು ಎಂಬುದು ಆಡ್‌ಬಾಲ್‌ನ ಯುದ್ಧನೀತಿ. ಫಿರಂಗಿಯ ತುದಿಗೆ ಒಂದು ಕೊಳವೆ ಸಿಕ್ಕಿಸಿದ್ದಾರೆ, ನೋಡಿದವರು ದೊಡ್ಡ ಫಿರಂಗಿ ಎಂದು ಹೆದರಲಿ ಎಂದು. ಬಣ್ಣ ತುಂಬಿದ ಗುಂಡುಗಳಿವೆ. ಮೇಲೆ ಧ್ವನಿವರ್ಧಕಗಳು, ದಾಳಿಯ ಹೊತ್ತಿಗೆ ಹಾಡು ಹಾಕಲು. ಎಲ್ಲವೂ ಬೆದರಿಕೆಯ ಸಾಮಾನು. ಕೊಲ್ಲುವ ಶಕ್ತಿ ಮಾತ್ರ ಅಷ್ಟಕ್ಕಷ್ಟೆ.

ಎದುರಿಗಿರುವುದು 57 ಟನ್ ತೂಕದ, 88 ಮಿಲಿಮೀಟರ್ ಫಿರಂಗಿಯ ಮೂರು ಟೈಗರ್‌ಗಳು. ಹಿಂದಿನಿಂದ ಹೊಡೆದರೆ ಮಾತ್ರ ಟೈಗರ್ ಸಾಯುತ್ತದೆ ಎಂದು ಚಿತ್ರ ಮತ್ತೆ ಮತ್ತೆ ಹೇಳುತ್ತದೆ. ಪೂರ್ತಿ ನಿಜವಲ್ಲ: ಟೈಗರ್‌ನ ಮುಂಭಾಗದ ಉಕ್ಕು 100 ಮಿಲಿಮೀಟರ್, ಹಿಂಭಾಗ 80, ಟರೆಟ್ ಮತ್ತು ಮೇಲ್ಪಕ್ಕಗಳೂ 80ರ ಆಸುಪಾಸು. ಬೀದಿಯ ಅಂತರದಲ್ಲಿ ಪಕ್ಕಕ್ಕೆ ಹೊಡೆದರೂ ಸಾಕಿತ್ತು. ಆದರೆ ಆ ನಿಯಮ ಇಟ್ಟುಕೊಂಡದ್ದರಿಂದ ಇಡೀ ಕಾಳಗ ಕಣ್ಣಾಮುಚ್ಚಾಲೆ ಆಗುತ್ತದೆ: ಸಣ್ಣ ಷರ್ಮನ್ ಸಂದಿಗೊಂದಿಯಲ್ಲಿ ನುಗ್ಗಿ ದೊಡ್ಡದರ ಬೆನ್ನ ಹಿಂದೆ ಹೋಗಬೇಕು. ಸುಮಾರು 5 ಮೀಟರ್ ಉದ್ದದ ನಳಿಕೆ ಹಳ್ಳಿಯ ಇಕ್ಕಟ್ಟು ಬೀದಿಯಲ್ಲಿ ತಿರುಗುವುದಿಲ್ಲ, ಮನೆಯ ಗೋಡೆಗೆ ತಾಕಿ ನಿಲ್ಲುತ್ತದೆ. ಇದು ನಿಜಕ್ಕೂ ಟೈಗರ್‌ನ ದೌರ್ಬಲ್ಯ. ಅದರ ಟರೆಟ್ ಎಂಜಿನ್‌ನ ಶಕ್ತಿಯಿಂದ ತಿರುಗುವಂಥದ್ದು. ಎಂಜಿನ್ ನಿಂತಿದ್ದರೆ ಕೈಚಕ್ರವೇ ಗತಿ, ಒಂದು ಪೂರ್ತಿ ಸುತ್ತಿಗೆ ಆ ಚಕ್ರವನ್ನು 700ಕ್ಕೂ ಹೆಚ್ಚು ಬಾರಿ ತಿರುಗಿಸಬೇಕು. ನಿಂತ ಟೈಗರ್ ಮೇಲೆ ಹಠಾತ್ತನೆ ಬೀಳುವ ಯೋಜನೆ ಅಷ್ಟರಮಟ್ಟಿಗೆ ಬುದ್ಧಿವಂತರದ್ದು.

ನಿರ್ದೇಶಕ ಬ್ರಯನ್ ಜಿ. ಹಟ್ಟನ್ ಇದಕ್ಕೂ ಮುಂಚೆ ಈಸ್ಟ್‌ವುಡ್ ಜೊತೆ ‘ವೇರ್ ಈಗಲ್ಸ್ ಡೇರ್’ ಮಾಡಿದವರು, ಊರಿನ ನಕ್ಷೆಯನ್ನು ನೋಡುವವರ ತಲೆಗೆ ಹತ್ತಿಸುವುದು ಹೇಗೆಂದು ಗೊತ್ತಿದ್ದವರು. ಚೌಕ ಎಲ್ಲಿ, ಬ್ಯಾಂಕ್ ಎಲ್ಲಿ, ಗಂಟೆಗೋಪುರ ಎಲ್ಲಿ ಎಂಬುದು ಮೊದಲ ಗುಂಡು ಹಾರುವ ಮುಂಚೆಯೇ ಗೊತ್ತಾಗಿರುತ್ತದೆ. ಆಮೇಲೆ ಯಾರು ಯಾವ ಮೂಲೆಯಿಂದ ಬಂದರೂ ಗೊಂದಲವಿಲ್ಲ. ಈಗಿನ ಆ್ಯಕ್ಷನ್ ಚಿತ್ರಗಳ ಎಡಿಟರುಗಳಿಗೆ ಈ ಅರ್ಧ ಗಂಟೆ ಪಠ್ಯವಾಗಬೇಕಿತ್ತು. ಛಾಯಾಗ್ರಹಣ ಮೆಕ್ಸಿಕೋದ ಗೇಬ್ರಿಯಲ್ ಫಿಗರೋವಾ ಅವರದು. ನಿರ್ದೇಶಕರಾದ ಬುನ್ಯುಯೆಲ್, ಜಾನ್ ಹ್ಯೂಸ್ಟನ್ ಅವರ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ಕೈ. ಮೊದಲ ದೃಶ್ಯದ ಮಳೆಯ ರಾತ್ರಿ ನೋಡಿ: ಜರ್ಮನ್ ಗಾಡಿಗಳ ಸಾಲಿನ ನಡುವೆ ಕೆಲ್ಲಿಯ ಜೀಪ್ ಸುಮ್ಮನೆ ನಿಂತಿರುತ್ತದೆ. ಯಾರು ಯಾರೆಂದು ನಮಗೆ ಅರ್ಥವಾಗುವುದು ಜರ್ಮನ್ ಕಾವಲುಗಾರನಿಗೆ ಅರ್ಥವಾದ ಹೊತ್ತಿಗೇ.

ಇನ್ನು ಆ ಕೊನೆಯ ಸಂಧಾನ. ಉಳಿದ ಒಂದೇ ಷರ್ಮನ್ ಕೈಕೊಟ್ಟಿದೆ. ಕೆಲ್ಲಿ, ಆಡ್‌ಬಾಲ್, ಸಾರ್ಜೆಂಟ್ ಬಿಗ್ ಜೋ (ಟೆಲ್ಲಿ ಸವಾಲಸ್) ಮೂವರೂ ಚೌಕದಲ್ಲಿ ಟೈಗರ್ ಕಡೆ ನಡೆದು ಹೋಗುತ್ತಾರೆ. ಲಾಲೋ ಶಿಫ್ರಿನ್ ಅವರ ಸಂಗೀತ ಒಮ್ಮೆಲೇ ಇಟಲಿಯ ಕೌಬಾಯ್ ಚಿತ್ರಗಳ ಧಾಟಿಗೆ ಹೊರಳುತ್ತದೆ. ಈಸ್ಟ್‌ವುಡ್ ಯಾವ ಸಿನಿಮಾಗಳಿಂದ ಹೆಸರು ಮಾಡಿದರೋ ಅವನ್ನೇ ಅವರ ಎದುರಿಗೇ ಅಣಕಿಸುವ ದೃಶ್ಯ ಇದು. ಗುಂಡಿನ ಕಾಳಗದ ಬದಲು ವ್ಯಾಪಾರ ಕುದುರುತ್ತದೆ. ಟೈಗರ್ ಕಮಾಂಡರ್ (ಕಾರ್ಲ್-ಓಟ್ಟೊ ಆಲ್ಬರ್ಟಿ) ತಾನು ಏನು ಕಾಯುತ್ತಿದ್ದೇನೆ ಎಂಬುದೇ ಗೊತ್ತಿಲ್ಲದೆ ಕಾಯುತ್ತಿದ್ದ. ಗೊತ್ತಾದ ಮೇಲೆ ಕರ್ತವ್ಯ ಎಂಬ ಮಾತು ಬಹಳ ಹೊತ್ತು ನಿಲ್ಲುವುದಿಲ್ಲ. ಟೈಗರ್ ತನ್ನ ಫಿರಂಗಿ ತಿರುಗಿಸಿ ಬ್ಯಾಂಕಿನ ಬಾಗಿಲಿಗೆ ಹೊಡೆಯುತ್ತದೆ. ಎರಡು ಗಂಟೆ ಕಾಲ ಕಟ್ಟಿದ ಪಾಲಿನ ಲೆಕ್ಕ ಇಲ್ಲಿ ಚುಕ್ತಾ ಆಗುತ್ತದೆ: ಯುದ್ಧ ಮಾಡಿಸುವವರು ಜನರಲ್‌ಗಳು, ಮಾಡುವವರಿಗೆ ಅದರಲ್ಲಿ ಪಾಲಿಲ್ಲ, ಪಾಲು ಸಿಕ್ಕ ಕ್ಷಣ ಯುದ್ಧವೂ ಇಲ್ಲ.

ಚಿನ್ನದ ಗಣಿತ ನೋಡೋಣ. ಗ್ರಾಂ ಲೆಕ್ಕದಲ್ಲಿ ಚಿನ್ನ ಕೊಳ್ಳುವವರಿಗೆ 14,000 ಗಟ್ಟಿ ಎಂದರೆ ಕಲ್ಪನೆಗೇ ಸಿಗುವುದಿಲ್ಲ. ಆಗಿನ ಅಧಿಕೃತ ದರ ಟ್ರಾಯ್ ಔನ್ಸಿಗೆ (ಸುಮಾರು 31 ಗ್ರಾಂ) 35 ಡಾಲರ್. 1.6 ಕೋಟಿ ಡಾಲರ್ ಎಂದರೆ ಸುಮಾರು 4.57 ಲಕ್ಷ ಔನ್ಸ್; 14,000ದಿಂದ ಭಾಗಿಸಿದರೆ ಗಟ್ಟಿಗೆ 32.7 ಔನ್ಸ್, ಹೆಚ್ಚುಕಡಿಮೆ ಒಂದು ಕಿಲೋ. ಅಂದರೆ ಚಿತ್ರದ ಎರಡು ಅಂಕಿಗಳೂ ಒಂದಕ್ಕೊಂದು ತಾಳೆಯಾಗುತ್ತವೆ, ಸಿನಿಮಾದವರು ಇಷ್ಟು ಮಾಡುವುದೇ ಅಪರೂಪ. ಆದರೆ ಒಂದು ಕಿಲೋ ಚಿನ್ನದ ಗಾತ್ರ 52 ಘನ ಸೆಂಟಿಮೀಟರ್, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು. ತೆರೆಯ ಮೇಲೆ ಕಾಣುವ ಗಟ್ಟಿ ಅದಕ್ಕಿಂತ ಎಷ್ಟೋ ದಪ್ಪ. ಕೇಂದ್ರ ಬ್ಯಾಂಕುಗಳು ಇಡುವ 400 ಔನ್ಸಿನ ಗಟ್ಟಿಗಳೇ ಆಗಿದ್ದರೆ ಒಂದೊಂದೂ 12.4 ಕಿಲೋ, ಒಟ್ಟು 174 ಟನ್, ಬೆಲೆ 20 ಕೋಟಿ ಡಾಲರ್‌ಗೆ ಹತ್ತಿರ.

ಕಿಲೋ ಗಟ್ಟಿ ಎಂದೇ ಇಟ್ಟುಕೊಂಡರೂ 14 ಟನ್ ಭಾರ. ಅಮೆರಿಕದ ಸೇನೆಯ ಎರಡೂವರೆ ಟನ್ನಿನ ಲಾರಿಗೆ ಅದು ಆರು ಲೋಡು. ಒಳ್ಳೆಯ ರಸ್ತೆಯಲ್ಲಿ ದುಪ್ಪಟ್ಟು ಹೇರಿದರೂ ಮೂರು. ನಿಜ ಜೀವನದಲ್ಲಿ ಈ ಭಾರ ಎಷ್ಟೆಂಬುದಕ್ಕೆ ದಾಖಲೆ ಇದೆ: 1945ರ ಏಪ್ರಿಲ್‌ನಲ್ಲಿ ಅಮೆರಿಕದ ಜನರಲ್ ಪ್ಯಾಟನ್ನನ ಮೂರನೇ ಸೇನೆಗೆ ಜರ್ಮನಿಯ ಮೆರ್ಕರ್ಸ್ ಗಣಿಯಲ್ಲಿ 8,000ಕ್ಕೂ ಹೆಚ್ಚು ಚಿನ್ನದ ಗಟ್ಟಿ ಸಿಕ್ಕಾಗ, ಅದನ್ನೂ ಜೊತೆಗಿದ್ದ ನೋಟು-ನಾಣ್ಯಗಳನ್ನೂ ಫ್ರಾಂಕ್‌ಫರ್ಟ್‌ಗೆ ಸಾಗಿಸಲು ಹತ್ತು ಟನ್ನಿನ ಲಾರಿಗಳು ಮೂವತ್ತರ ಮೇಲೆ ಬೇಕಾದವು. ತಮಾಷೆ ಎಂದರೆ ಇದೇ ಕೆನಡಿ ಮಾರ್ಟಿನ್ ‘ದಿ ಇಟಾಲಿಯನ್ ಜಾಬ್’ನಲ್ಲಿ ಚಿನ್ನದ ತೂಕವನ್ನೇ ಕ್ಲೈಮ್ಯಾಕ್ಸ್ ಮಾಡಿದ್ದರು. ಅಲ್ಲಿ ಕಮರಿಯ ಅಂಚಿನಲ್ಲಿ ಬಸ್ಸು ತೂಗಾಡುವುದು ಚಿನ್ನದ ಭಾರಕ್ಕೆ. ಇಲ್ಲಿ ಅದೇ ಚಿನ್ನ ಹತ್ತಿಯ ಮೂಟೆಯಂತೆ ಲಾರಿ ಹತ್ತಿ ಹೊರಟೇ ಹೋಗುತ್ತದೆ. ಒಂದು ಲಾರಿಯ ಆಕ್ಸಲ್ ಮುರಿದಿದ್ದರೆ ಎಂಥ ದೃಶ್ಯ ಆಗುತ್ತಿತ್ತು!

ಕಥೆಗೆ ಬೇರಿಲ್ಲ ಎಂದೇನೂ ಅಲ್ಲ. ಯುದ್ಧದ ಕೊನೆಯಲ್ಲಿ ಬವೇರಿಯಾದಲ್ಲಿ ಬಚ್ಚಿಟ್ಟಿದ್ದ ಜರ್ಮನಿಯ ಕೇಂದ್ರ ಬ್ಯಾಂಕು ರೈಖ್ಸ್‌ಬ್ಯಾಂಕ್‌ನ ಸಂಪತ್ತಿನಲ್ಲಿ ಒಂದಷ್ಟು ಮಾಯವಾಯಿತು. ಅಮೆರಿಕದ ಸೈನಿಕರೂ ಜರ್ಮನ್ ನಾಗರಿಕರೂ ಸೇರಿ ಮಾಡಿದ್ದೆಂದು ಅದನ್ನು ಗಿನ್ನೆಸ್ ದಾಖಲೆ ಪುಸ್ತಕದ ಹಳೆಯ ಆವೃತ್ತಿಗಳು ಜಗತ್ತಿನ ಅತಿ ದೊಡ್ಡ ದರೋಡೆಯ ಪಟ್ಟಿಗೆ ಸೇರಿಸಿದ್ದವು. ಶತ್ರುಗಳಿಬ್ಬರೂ ಕೂಡಿ ಕದಿಯುವ ಕಲ್ಪನೆ ಸಿನಿಮಾದ್ದಷ್ಟೇ ಅಲ್ಲ ಎಂದಾಯಿತು.

ಎಡವುವ ಜಾಗಗಳು ಮಧ್ಯದಲ್ಲಿವೆ. ಗಡಿ ದಾಟಿದ ಸ್ವಲ್ಪ ಹೊತ್ತಿಗೇ ಅಮೆರಿಕದ್ದೇ ವಿಮಾನ ಇವರನ್ನು ಶತ್ರುವೆಂದು ತಿಳಿದು ಗಾಡಿಗಳನ್ನೆಲ್ಲ ಸುಟ್ಟುಹಾಕುತ್ತದೆ. ನಡೆದೇ ಹೊರಟವರು ನೆಲಬಾಂಬುಗಳ ಹೊಲಕ್ಕೆ ಕಾಲಿಡುತ್ತಾರೆ. ಒಬ್ಬ ಸಾಯುತ್ತಾನೆ. ಉಳಿದವರು ನೆಲದ ಮೇಲೆ ಅಂಗಾತವಾಗದೆ ಬೋರಲು ಮಲಗಿ, ಬಯೊನೆಟ್‌ನಿಂದ ಮಣ್ಣು ಚುಚ್ಚಿ ಚುಚ್ಚಿ ಅಂಗುಲ ಅಂಗುಲ ತೆವಳುವಾಗ ಜರ್ಮನ್ ಲಾರಿಗಳು ಬರುತ್ತವೆ. ಇನ್ನಿಬ್ಬರು ಅಲ್ಲೇ ಉಳಿದುಬಿಡುತ್ತಾರೆ. ಬಿಡಿಯಾಗಿ ನೋಡಿದರೆ ಇದು ಒಳ್ಳೆಯ ಯುದ್ಧಚಿತ್ರದ ಒಳ್ಳೆಯ ದೃಶ್ಯ. ಕ್ಯಾಮೆರಾ ನೆಲಮಟ್ಟಕ್ಕೆ ಇಳಿದಿದೆ, ಸಂಗೀತ ಇಲ್ಲ. ತೊಂದರೆ ಅದರ ನಂತರದ್ದು. ಸತ್ತ ಗೆಳೆಯರ ಬಗ್ಗೆ ಒಂದೆರಡು ಮುಖ ಬಾಡುತ್ತವೆ, ಮುಂದೆ ಅವರ ಹೆಸರು ಹೇಳುವವರೇ ಇಲ್ಲ. ಚಿನ್ನಕ್ಕಾಗಿ ಸತ್ತವರಿಗೆ ಪಾಲು ಸಲ್ಲುತ್ತದೆಯೇ? ಇಷ್ಟೊಂದು ಪಾಲಿನ ಲೆಕ್ಕ ಹಾಕುವ ಸಿನಿಮಾ ಕೇಳಲೇಬೇಕಾಗಿದ್ದ ಪ್ರಶ್ನೆ, ಕೇಳುವುದಿಲ್ಲ.

ಇನ್ನೊಂದು ರೈಲ್ವೆ ಯಾರ್ಡಿನ ದಾಳಿ. ಆಡ್‌ಬಾಲ್‌ನ ಟ್ಯಾಂಕುಗಳು ಸುರಂಗದಿಂದ ಹೊರಬಂದು, ಧ್ವನಿವರ್ಧಕದಲ್ಲಿ ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ಹಾಡಿರುವ ಇಂಪಾದ ಕಂಟ್ರಿ ಹಾಡು ಹಾಕಿಕೊಂಡು ಕಂಡಕಂಡಲ್ಲಿ ಹೊಡೆಯುತ್ತವೆ. ಜರ್ಮನ್ ಸೈನಿಕರು ಎಣಿಕೆಗೆ ಸಿಗದಷ್ಟು ಸಾಯುತ್ತಾರೆ. ಮೊದಲ ಸಲ ಮೈ ಜುಮ್ಮೆನ್ನುತ್ತದೆ. ಟೈಗರ್ ಕಮಾಂಡರ್‌ನನ್ನು ಮನುಷ್ಯನಾಗಿ, ನೆರೆಮನೆಯವನಾಗಿ ತೋರಿಸಲಿರುವ ಸಿನಿಮಾ ಇಲ್ಲಿ ಅವನ ಜೊತೆಗಾರರನ್ನು ಹುಳಗಳಂತೆ ಬೀಳಿಸುತ್ತದೆಂಬುದು ಎರಡನೇ ಸಲ ಚುಚ್ಚುತ್ತದೆ. 1970 ಅಮೆರಿಕದಲ್ಲಿ ವಿಯೆಟ್ನಾಂ ವಿರೋಧ ಬೀದಿಗಿಳಿದಿದ್ದ ವರ್ಷ. 1944ರಲ್ಲಿ ಇರಲು ಸಾಧ್ಯವೇ ಇಲ್ಲದ ಹಿಪ್ಪಿಯೊಬ್ಬನನ್ನು, ಉದ್ದ ಕೂದಲು ಗಡ್ಡದ ಸಮೇತ, ಟ್ಯಾಂಕಿನ ಮೇಲೆ ಕೂರಿಸಿದ್ದು ಬೇಕೆಂದೇ. ಆ ಹಿಪ್ಪಿಯ ಕೈಯಲ್ಲೇ ಈ ಹತ್ಯೆ ಆಗಿಸಿದ್ದು ವ್ಯಂಗ್ಯವೋ, ಅಥವಾ ಎರಡೂ ಬಗೆಯ ಪ್ರೇಕ್ಷಕರನ್ನು ಹಿಡಿದಿಡುವ ವ್ಯಾಪಾರವೋ? ಎರಡನೆಯದೇ ಇರಬೇಕು.

ನಟರಲ್ಲಿ ಚಿತ್ರ ಸದರ್‌ಲ್ಯಾಂಡ್ ಅವರದು. ಅವರ ಆಡ್‌ಬಾಲ್ ನಿದ್ದೆಗಣ್ಣಿನ ಸೋಮಾರಿ, ಒಳಗೆ ಪಕ್ಕಾ ಲೆಕ್ಕಾಚಾರ. ಚಿತ್ರೀಕರಣದ ನಡುವೆ ಅವರಿಗೆ ಮೆದುಳುಪೊರೆಯ ಉರಿಯೂತ ತಗುಲಿ ಪ್ರಾಣಾಪಾಯದಲ್ಲಿದ್ದರು. ತೆರೆಯ ಮೇಲೆ ಅದರ ಸುಳಿವಿಲ್ಲ. ಸವಾಲಸ್‌ಗೆ ಕಷ್ಟದ ಕೆಲಸ: ಎಲ್ಲರೂ ಹಗುರಾಗಿರುವಾಗ ತನ್ನ ಹುಡುಗರು ಸಾಯಬಾರದು ಎಂದು ಕೂಗಾಡುವವನು ಅವನೊಬ್ಬನೇ. ಮಾರ್ಟರ್ ಮಲಿಗನ್ ಆಗಿ ಬರುವುದು ಅವರ ತಮ್ಮ ಜಾರ್ಜ್ ಸವಾಲಸ್, ರೇಡಿಯೋದಲ್ಲಿ ಅಣ್ಣ ಬೈಯುವುದನ್ನು ಇದು ಗೊತ್ತಿದ್ದು ಕೇಳಿದರೆ ಇನ್ನೂ ರುಚಿ. ಈಸ್ಟ್‌ವುಡ್ ಬಹುತೇಕ ಸುಮ್ಮನಿರುತ್ತಾರೆ. ಇಷ್ಟು ಗಲಾಟೆಯ ನಡುವೆ ಒಬ್ಬ ಸುಮ್ಮನಿರುವವನು ಬೇಕಿತ್ತು, ಸರಿ. ಆದರೆ ಕೆಲ್ಲಿಗೆ ಚಿನ್ನ ಯಾಕೆ ಬೇಕು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಅದಕ್ಕೊಂದು ಕಾರಣ ಕತ್ತರಿ ಇರಬಹುದು: ಸ್ಟುಡಿಯೋ ತನ್ನನ್ನು ಕೇಳದೆ ದೃಶ್ಯಗಳನ್ನು ಕತ್ತರಿಸಿತು, ಪಾತ್ರಗಳಿಗೆ ಆಳ ಕೊಡುವ ಭಾಗಗಳೇ ಹೋದವು ಎಂದು ಈಸ್ಟ್‌ವುಡ್ ಮುಂದೆ ಬೇಸರ ಹೇಳಿಕೊಂಡಿದ್ದಾರೆ.

ಇದೇ ರುಚಿಯ ಇನ್ನೂ ಕೆಲವು ಬೇಕೆಂದರೆ, ಮೊದಲು 1960ರ ಬ್ರಿಟಿಷ್ ಕಪ್ಪು-ಬಿಳುಪು ಚಿತ್ರ ‘ದಿ ಲೀಗ್ ಆಫ್ ಜಂಟಲ್‌ಮನ್’. ಸೇನೆ ಕೈಬಿಟ್ಟ ಮಾಜಿ ಅಧಿಕಾರಿಗಳು ಸೇನೆಯ ಶಿಸ್ತಿನಲ್ಲೇ ಲಂಡನ್ ಬ್ಯಾಂಕಿಗೆ ಕನ್ನ ಹಾಕುತ್ತಾರೆ. ಊಟದ ಗುಣಮಟ್ಟ ಪರೀಕ್ಷಿಸುವ ನೆಪದಲ್ಲಿ ಕ್ಯಾಂಪಿಗೆ ಹೊಕ್ಕು ಆಯುಧ ಎತ್ತುವ ಭಾಗ ಅಪ್ಪಟ ಚಿನ್ನ. ಸಿಕ್ಕಿಬೀಳುವುದು ಕಾರುಗಳ ನಂಬರ್ ಬರೆದುಕೊಳ್ಳುವ ಹವ್ಯಾಸದ ಒಬ್ಬ ಹುಡುಗನಿಂದ. ‘ದಿ ಸೀಕ್ರೆಟ್ ಆಫ್ ಸಾಂತಾ ವಿಟ್ಟೋರಿಯಾ’ (1969) ದರೋಡೆಯನ್ನು ತಿರುಗಿಸಿಡುತ್ತದೆ: ಇಟಲಿಯ ಒಂದು ಊರಿನವರು ಜರ್ಮನ್ನರು ಬರುವ ಮುಂಚೆ ಹತ್ತು ಲಕ್ಷದಷ್ಟು ವೈನ್ ಬಾಟಲಿಗಳನ್ನು ಕೈಯಿಂದ ಕೈಗೆ ದಾಟಿಸಿ ಗುಹೆಯಲ್ಲಿ ಅಡಗಿಸುತ್ತಾರೆ. ನಿಧಾನದ ಚಿತ್ರ, ಆದರೆ ಆ ಸಾಲು ನೋಡಬೇಕು. ಕೆಲ್ಲಿಗೆ ನೇರ ಉತ್ತರ ಎಂದರೆ ಡೇವಿಡ್ ಓ. ರಸೆಲ್ ಅವರ ‘ತ್ರೀ ಕಿಂಗ್ಸ್’ (1999). 1991ರ ಗಲ್ಫ್ ಯುದ್ಧದ ಕೊನೆ, ಸದ್ದಾಂ ಕುವೈತ್‌ನಿಂದ ಕದ್ದ ಚಿನ್ನ. ಇಲ್ಲಿ ಇರಾಕಿ ಸೈನಿಕರೇ ಚಿನ್ನ ಲಾರಿಗೆ ಹೇರಲು ಕೈಜೋಡಿಸುತ್ತಾರೆ, ಇವರು ಬೇಗ ತೊಲಗಲಿ, ತಾವು ತಮ್ಮ ಊರಿನವರನ್ನು ಬಡಿಯಬೇಕು ಎಂದು. ಕಳ್ಳರು ಹಾಗೆ ತೊಲಗಬಹುದೇ ಎಂಬಲ್ಲಿಂದ ಚಿತ್ರ ಬೇರೆ ದಾರಿ ಹಿಡಿಯುತ್ತದೆ. ಕೆಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಅದು ಬೆಲೆ ತೆತ್ತು ಉತ್ತರ ಕೊಡುತ್ತದೆ.

ಡಿಸ್ಕ್ ಕೊಳ್ಳುವವರಿಗೆ: ಇದು ಪ್ಯಾನಾವಿಷನ್‌ನಲ್ಲಿ ತೆಗೆದ ಅಗಲ ಚಿತ್ರ, ಅನುಪಾತ 2.35:1. ಟಿವಿಯಲ್ಲಿ ಮೇಲೂ ಕೆಳಗೂ ಕಪ್ಪು ಪಟ್ಟಿ ಬರಲೇಬೇಕು. ಬಾರದಿದ್ದರೆ ಪಕ್ಕಗಳನ್ನು ಕತ್ತರಿಸಿದ ಪ್ರತಿ, ಚೌಕದ ಕಾಳಗದಲ್ಲಿ ಅರ್ಧ ಟ್ಯಾಂಕೇ ಕಾಣುತ್ತದೆ. ಟಿವಿಯ ಜೂಮ್ ಆಯ್ಕೆಯನ್ನು ಆಫ್ ಮಾಡಿಡಿ. ಅವಧಿ 144 ನಿಮಿಷ ಇದೆಯೇ ನೋಡಿ. ಯುರೋಪಿನ ಪಾಲ್ (PAL ಎಂಬ ಟಿವಿ ಪದ್ಧತಿಯ) ಡಿವಿಡಿಯಲ್ಲಿ 138ರ ಸುಮಾರು ತೋರಿಸಿದರೆ ಗಾಬರಿ ಬೇಡ, ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡಿಸುವುದರಿಂದ ಶೇ 4ರಷ್ಟು ಬೇಗ ಮುಗಿಯುತ್ತದೆ, ದೃಶ್ಯ ಯಾವುದೂ ಹೋಗಿರುವುದಿಲ್ಲ. ಹಾಡುಗಳ ಶ್ರುತಿ ಮಾತ್ರ ತುಸು ಏರಿರುತ್ತದೆ. ಅದಕ್ಕಾಗಿಯಾದರೂ ಬ್ಲೂ-ರೇ ಮೇಲು. ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆಂದು ಹೇಳುವ ವಲಯದ ಗುರುತು ಭಾರತಕ್ಕೆ ಡಿವಿಡಿಯಲ್ಲಿ 5, ಬ್ಲೂ-ರೇಯಲ್ಲಿ ಸಿ. ಅಮೆರಿಕದಿಂದ ನೆಂಟರ ಕೈಯಲ್ಲಿ ತರಿಸುವವರು ಕವರಿನ ಹಿಂದಿನ ಗುರುತು ನೋಡಿ ಹೇಳಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳ್ಳೆಯದು, ರಿಕಲ್ಸ್ ಅವರ ಬೈಗುಳದ ವೇಗಕ್ಕೆ ಕಿವಿ ಸೋಲುತ್ತದೆ. 2010ರ ಅಮೆರಿಕದ ಬ್ಲೂ-ರೇ ಜೋಡಿಯಲ್ಲಿ ‘ವೇರ್ ಈಗಲ್ಸ್ ಡೇರ್’ ಕೂಡ ಸಿಗುತ್ತದೆ. ಎರಡೂ ಸೇರಿ ಐದು ಗಂಟೆ, ಒಂದೇ ಸಂಜೆಗೆ ಬೇಡ. ಮೊದಲು ಆ ಗಂಭೀರ ಚಿತ್ರ, ಮರುದಿನ ಇದು.